ಟೇಪಿನ ಕೊನೆಯಲ್ಲಿ ಉಳಿದ ಜಾಗ

2003ರ ಒಂದು ಬೆಳಿಗ್ಗೆ ಏಳೂವರೆಗೆ ನಂಜನಗೂಡು ಬಸ್ ಸ್ಟ್ಯಾಂಡಿನ ತನ್ನ ಕ್ಯಾಸೆಟ್ ಅಂಗಡಿಯಲ್ಲಿ ನಂಜೇಶ್ ಭಕ್ತಿಗೀತೆ ರೆಕಾರ್ಡ್ ಮಾಡುತ್ತಿದ್ದ. ಕೊನೆಯಲ್ಲಿ ಉಳಿಯುವ ಖಾಲಿ ಟೇಪಿಗೆ, ಗಿರಾಕಿಗಳು ಬೇಕೆನ್ನದಿದ್ದರೂ, ಒಂದು ರ್‍ಯಾಪ್ ಹಾಡು ಸೇರಿಸುವುದು ಅವನ ರೂಢಿ. ‘ಹೋದ ವರ್ಷ ಯಾರೋ ಹಾಡಿ ತುಂಬ್ಸಿದ ಒಳ್ಳೇ ಮಿಕ್ಸ್‌ಟೇಪು, ಯಾರೂ ಕೇಳ್ನಿಲ್ಲ ಕಣ್ರೀ’ ಎನ್ನುತ್ತಿದ್ದ. ಮದುವೆಯ ನಾದಸ್ವರಕ್ಕೂ ಹರಿಕಥೆಗೂ ಅದೇ ಬಾಲ. ಗಿರಾಕಿಗಳು ಬೈದು ವಾಪಸು ತಂದರೆ ಅಳಿಸಿಕೊಡುತ್ತಿದ್ದ. ಆ ಹಾಡಿನ ದನಿ ನಂಜೇಶನದೇ ಎಂದು ಗೊತ್ತಿದ್ದವನು ಪಕ್ಕದ ಹೂವಿನಂಗಡಿಯ ರಾಜು ಒಬ್ಬನೇ. ಅಂದು ದೇವನೂರಿನ ಮಲ್ಲಾಜಮ್ಮ ಕ್ಯಾಸೆಟ್ ಹಿಡಿದು ಬಂದಾಗಲೂ ನಂಜೇಶ್ ಅಳಿಸಲೆಂದೇ ಕೈಚಾಚಿದ. ‘ಅಳಿಸ್ಬ್ಯಾಡ ಕಣಪ್ಪ. ಕೊನೇಲಿ ಉಸುರು ಬುಡ್ದೆ ಮಾತಾಡ್ತನಲ್ಲ ಆ ಹೈದ, ಅವಂದು ಇನ್ನೊಸಿ ತುಂಬುಸ್ಕೊಡು’ ಎಂದರು ಆಕೆ. ರಾಜು ಎಂದಿನಂತೆ ರೇಗಿಸಿದ: ‘ನಿನ್ ಟೇಪ್ ಮೆಚ್ಚುದೋರ ಲೆಕ್ಕ ಎಲ್ಲಿಗ್ ಬಂತ್ಲಾ?’ ದಿನಾ ‘ಸೊನ್ನೆ’ ಎನ್ನುತ್ತಿದ್ದ ನಂಜೇಶ್ ಗಟ್ಟಿಯಾಗಿ ಹೇಳಿದ: ‘ಒಂದು.’