ಯಾವ ಚರ್ಚಿಗೆ ಹೋಗೋಣ, ಅತ್ತೆ?

ಟೀವಿಯಲ್ಲಿ ಪಾಸ್ಟರಿಗೆ ಕೆಮ್ಮು ಬಂತು. ನಮ್ಮತ್ತೆ ಎದ್ದು ಅಡುಗೆಮನೆಗೆ ಹೋದರು. ಒಂದು ಲೋಟ ನೀರು ತಂದು ಟೀವಿ ಮುಂದೆ ನಿಂತರು. ಆಮೇಲೆ ತಾವು ಏನು ಮಾಡ್ತಿದೀವಿ ಅನ್ನೋದು ಹೊಳೆಯಿತೇನೋ, ಆ ನೀರನ್ನು ತಾವೇ ಕುಡಿದು ಬಂದು ಕೂತರು.

ನಗಬಾರದಿತ್ತು. ನಕ್ಕುಬಿಟ್ಟೆ.

ಅತ್ತೆ ನಗಲಿಲ್ಲ. "ಅವ್ರಿಗೆ ಕೆಮ್ಮು ಬಂದದ್ದು ನಮಗೆ ಕಾಣ್ತೈತೆ. ನಮಗೆ ಬಂದ್ರೆ ಅವ್ರಿಗೆ ಕಾಣ್ತೈತಾ ಅಮ್ಮಾಯಿ?" ಅಂದರು.

(ಅಮ್ಮಾಯಿ ಅಂದರೆ ತೆಲುಗಿನಲ್ಲಿ ಹುಡುಗಿ. ನನಗೀಗ ನಲವತ್ತೇಳು. ಅತ್ತೆ ಮೊಳಕಾಲ್ಮೂರಿನವರು, ಅಲ್ಲಿ ಸೊಸೆಯಂದಿರಿಗೆ ವಯಸ್ಸಾಗೋದಿಲ್ಲ.)

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. ನಾವು ಹುಟ್ಟಾ ಕ್ರೈಸ್ತರು. ಲಾಕ್‌ಡೌನಿನಲ್ಲಿ ಎಲ್ಲರ ಹಾಗೆ ನಾವೂ ಫೋನಿನಲ್ಲಿ ಆರಾಧನೆ ನೋಡೋಕೆ ಶುರು ಮಾಡಿದೆವು. ಆ ದಿನಗಳಲ್ಲೇ ಮಾವ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅತ್ತೆಯನ್ನು ಮೊಳಕಾಲ್ಮೂರಿನಿಂದ ನಮ್ಮ ಜೊತೆಗೆ ಕರೆತಂದೆವು. ಮುಂದೆ ನನಗೆ ಚಳ್ಳಕೆರೆಯ ಹೈಸ್ಕೂಲಿಗೆ ವರ್ಗವಾಯಿತು. ಅಷ್ಟರಲ್ಲಿ ದೇಶದ ಚರ್ಚುಗಳ ಬಾಗಿಲೆಲ್ಲ ತೆರೆದಿದ್ದವು. ನಾವು ಮಾತ್ರ ಸೋಫಾದಿಂದ ಏಳಲಿಲ್ಲ.

ಸೋಫಾ ಸುಖ ಯಾರಿಗೆ ಬೇಡ? ಪ್ರಸಂಗ ಉದ್ದವಾದರೆ ಓಡಿಸಬಹುದು. ಪಾಪನಿವೇದನೆ ನಡೀತಿರುವಾಗ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಬಹುದು. ರೊಟ್ಟಿ, ದ್ರಾಕ್ಷಾರಸ ಕೊಡೋ ಪ್ರಭು ಭೋಜನಕ್ಕೂ ಬಿಸ್ಕೆಟ್ಟು, ದ್ರಾಕ್ಷಿ ಜ್ಯೂಸು ಇಟ್ಟುಕೊಂಡು ಕೂತಿದ್ದೀವಿ. (ಇದು ಸರಿಯಾ ತಪ್ಪಾ ಅಂತ ಒಬ್ಬ ಪಾಸ್ಟರಿಗೆ ಕಾಮೆಂಟಿನಲ್ಲಿ ಕೇಳಿದೆ. ಕೈಮುಗಿಯೋ ಚಿತ್ರ ಕಳಿಸಿದರು.)

ಹೀಗೆ ಒಂದೇ ಮನೇಲಿ ಮೂರು ಚರ್ಚು ಆದವು. ನನ್ನದು ಬೆಂಗಳೂರಿನ ಹಳೇ ಚರ್ಚು, ನನ್ನ ತವರಲ್ಲಿ ಹಾಡ್ತಿದ್ದ ಕೀರ್ತನೆಗಳೇ ಅಲ್ಲೂ. ನಮ್ಮ ಯಜಮಾನರು ಡೇನಿಯಲ್‌ಗೆ ಆಂಧ್ರದ ಒಬ್ಬ ತೆಲುಗು ಪಾಸ್ಟರ್, ಅದೂ ಸ್ಪೀಡ್ ಹೆಚ್ಚು ಮಾಡಿಕೊಂಡು. ಪಿಯುಸಿ ಓದೋ ಮಗಳು ಗ್ರೇಸಿಗೆ ಇಂಗ್ಲಿಷು, ಗಿಟಾರು, ಜೀನ್ಸ್ ಹಾಕಿದ ಪ್ರಸಂಗಿ. ಅವನು ಯಾವ ದೇಶದವನು ಅಂತ ಕೇಳಿದರೆ ಅವಳಿಗೂ ಗೊತ್ತಿಲ್ಲ. ಅತ್ತೆಗೆ ಮಾತ್ರ ಆಯ್ಕೆ ಇರಲಿಲ್ಲ. ಟೀವಿಯಲ್ಲಿ ನಾವು ಯಾರನ್ನು ಹಾಕ್ತೀವೋ ಅವರೇ.

ಆ ಕೆಮ್ಮಿನ ಭಾನುವಾರಕ್ಕೆ ಕೆಲವೇ ದಿನ ಮುಂಚೆ ಅತ್ತೆಯನ್ನು ಚಿತ್ರದುರ್ಗಕ್ಕೆ ಕರಕೊಂಡು ಹೋಗಿದ್ದೆವು. ಹಾರ್ಟ್ ಸ್ವಲ್ಪ ವೀಕು, ಜೋಪಾನ ಅಂದಿದ್ದರು ಡಾಕ್ಟರು. ನಾವು ಅದನ್ನು ಅತ್ತೆಗೆ ಅರ್ಧ ಹೇಳಿದ್ದೆವು. ಅವರು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಉಳಿದರ್ಧ ಅವರಿಗೆ ಗೊತ್ತಾಗದೆ ಇರುತ್ತಾ?

"ನಾಳೆ ನಾನು ಹೋದ್ರೆ ಮಣ್ಣು ಮಾಡೋಕೆ ಯಾರು ಬರ್ತಾರೆ? ಟೀವಿನ ಹೊತ್ಕೊಂಡು ಹೋಗ್ತೀರಾ?"

ಡೇನಿಯಲ್ ಕಿವಿಯಿಂದ ಇಯರ್‌ಫೋನ್ ತೆಗೆದರು. "ಯಾಕವ್ವ ಅಂಥ ಮಾತು?"

"ಮತ್ತೆ ಎಂಥ ಮಾತಾಡ್ಲಿ? ನನಗೊಂದು ಚರ್ಚು ನೋಡ್ರಿ."

ಹೆಣ್ಣು ನೋಡೋ ಹಾಗೆ ಚರ್ಚು ನೋಡೋದು. ನೋಡಿದೆವು. ಹೇಗೆ? ಮತ್ತೆ ಆನ್‌ಲೈನಿನಲ್ಲೇ. ಈಗ ಸಣ್ಣಪುಟ್ಟ ಸಭೆಗಳೂ ಯೂಟ್ಯೂಬಿನಲ್ಲಿವೆ. ಸುತ್ತಮುತ್ತಲಿನವನ್ನೆಲ್ಲ ಹುಡುಕಿ, ಅಂಗಡಿಯಲ್ಲಿ ಸೀರೆಯ ಸೆರಗು ಬಿಚ್ಚಿ ನೋಡೋ ಹಾಗೆ ಒಂದೊಂದನ್ನೂ ಹತ್ತು ನಿಮಿಷ ನೋಡಿದೆ.

ಮೊದಲು ಗ್ರೇಸಿ ಮೆಚ್ಚಿದ್ದಕ್ಕೆ ಹೋದೆವು. ಚಳ್ಳಕೆರೆಯದ್ದೇ. ವೀಡಿಯೊದಲ್ಲಿ ನೋಡಬೇಕು ನೀವು, ನೀಲಿ ಲೈಟು, ಹೊಗೆ, ಸಾವಿರ ಜನ ಇದ್ದಂತೆ ಗದ್ದಲ. ಹೋಗಿ ನೋಡಿದರೆ ಶೇಂಗಾ ಗೋಡೌನಿನ ಮಹಡಿ. ಪ್ಲಾಸ್ಟಿಕ್ ಕುರ್ಚಿಗಳು, ಮೂರು ಮತ್ತೊಂದು ಜನ. ಕ್ಯಾಮೆರಾ ಮಾತ್ರ ಬಹಳ ಜಾಣ. ಕೆಳಗಿನಿಂದ ಎಣ್ಣೆಯ ವಾಸನೆ, ಮೇಲೆ ಡ್ರಮ್ಮು. ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಭಕ್ತಿಗೋ, ಶಬ್ದಕ್ಕೋ?

ಹೊಸಬರು ಎದ್ದು ನಿಂತು ಹೆಸರು ಹೇಳಬೇಕು ಅಂದರು. ಊರ ಮಕ್ಕಳನ್ನೆಲ್ಲ ಎಬ್ಬಿಸಿ ನಿಲ್ಲಿಸೋ ಟೀಚರ್ ನಾನು, ನನ್ನ ಹೆಸರು ಹೇಳೋಕೆ ತೊದಲಿದೆ. ಪಾಸ್ಟರ್ ಇನ್ನೂ ಹುಡುಗ. ಅತ್ತೆಯ ತಲೆ ಮೇಲೆ ಕೈಯಿಟ್ಟು ಮೈಕಿನಲ್ಲೇ ಪ್ರಾರ್ಥನೆ ಮಾಡಿದ. "ದೇವರಿಗೆ ಕಿವಿ ಚೆನ್ನಾಗೇ ಐತಲ್ಲಪ್ಪ" ಅಂದರು ಅತ್ತೆ. ಅದೂ ಮೈಕಿನಲ್ಲಿ ಕೇಳಿಸಿತು.

ಅದು ಬೇಡ ಅಂತ ತೀರ್ಮಾನ ಮಾಡಿದೆ. ಬುಧವಾರ ಆ ಹುಡುಗನ ಫೋನು. "ಅಜ್ಜಿ ಹೆಂಗಿದಾರೆ ಅಕ್ಕ? ಮಾತ್ರೆ ತಗೊಂತಾ ಇದಾರಾ? ಮೆಟ್ಟಿಲು ಹತ್ತಿದ್ದು ಅವರಿಗೆ ಆಯಾಸ ಆಯ್ತೇನೋ ಅನ್ನಿಸ್ತು." ಇಷ್ಟೇ. ಬೇರೇನೂ ಕೇಳಲಿಲ್ಲ. ಇಷ್ಟು ವರ್ಷ ನಾನು ನೋಡಿದ ಬೆಂಗಳೂರಿನ ಚರ್ಚಿಗೆ ನನ್ನ ಅತ್ತೆಯೊಬ್ಬರು ಇದ್ದಾರೆ ಅನ್ನೋದೇ ಗೊತ್ತಿಲ್ಲ. ಈಗ ಹೇಳಿ, ಆ ಡ್ರಮ್ಮನ್ನು ಎಲ್ಲಿಡಲಿ?

ಎರಡನೇದು ನನ್ನ ಆಯ್ಕೆ. ಅರ್ಧ ಗಂಟೆ ದೂರದ ಹಳೇ ಚರ್ಚು. ಮರದ ಬೆಂಚು, ಗಂಟೆ, ಗೋಡೆಯ ಮೇಲೆ ಎಂದೋ ತೀರಿಕೊಂಡವರ ಹೆಸರುಗಳು. ನಮ್ಮಮ್ಮ ಹಿಟ್ಟು ನಾದುವಾಗ ಹಾಡ್ತಿದ್ದ ಕೀರ್ತನೆಯನ್ನೇ ಅವತ್ತು ಹಾಡಿದರು. ಮೂರನೇ ಚರಣದಲ್ಲಿ ನನ್ನ ಗಂಟಲು ಕಟ್ಟಿತು. ಸಿಕ್ಕಿತು, ಇದೇ ನಮ್ಮ ಚರ್ಚು ಅಂದುಕೊಂಡೆ.

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಬಂದರು. ಬಿಳಿ ಶರ್ಟು, ಬಹಳ ಮರ್ಯಾದೆಯ ಮನುಷ್ಯ. ಅತ್ತೆಗೆ ತಾವೇ ಕುರ್ಚಿ ತಂದು ಹಾಕಿ, ನೀರು ಕೊಟ್ಟರು. ಊರು, ಕೆಲಸ, ಮಗಳ ಓದು ಎಲ್ಲ ವಿಚಾರಿಸಿದರು. ಆಮೇಲೆ ದನಿ ಸ್ವಲ್ಪ ಇಳಿಸಿದರು.

"ಅಂದ ಹಾಗೆ ನೀವು ಮೊದಲು ಯಾರು?"

ನನಗೆ ಅರ್ಥವಾಯಿತು. ನಿಮಗೂ ಆಗಿರುತ್ತೆ. ಡೇನಿಯಲ್ ಗೋಡೆ ನೋಡತೊಡಗಿದರು. ಗ್ರೇಸಿಗೆ ಮಾತ್ರ ಅರ್ಥವಾಗದೆ ನಮ್ಮ ಮುಖ ನೋಡಿದಳು.

ಅತ್ತೆ ನೀರು ಕುಡಿದು ಮುಗಿಸಿದರು. "ಮೊದ್ಲು ಆಸ್ಪತ್ರೆ ಆಯಾ ಇದ್ದೆ ಸ್ವಾಮಿ. ಈಗ ರಿಟೈರು."

"ಅದಲ್ಲಮ್ಮ, ಅದಕ್ಕೂ ಮೊದಲು..."

"ಅದಕ್ಕೂ ಮೊದ್ಲು ಸಣ್ಣೋಳಿದ್ದೆ."

ಹಿರಿಯರು ನಕ್ಕರು. ಬಸ್‌ಸ್ಟ್ಯಾಂಡಿಗೆ ತಮ್ಮ ಕಾರಿನಲ್ಲೇ ಬಿಟ್ಟುಬಂದರು. ದಾರಿಯುದ್ದಕ್ಕೂ ಅತ್ತೆಯ ಕಾಲಿಗೆ ಏಸಿ ಗಾಳಿ ತಾಗುತ್ತಾ ಅಂತ ಕೇಳ್ತಾನೇ ಇದ್ದರು. ಕೆಟ್ಟವರು ಅನ್ನೋಣ ಅಂದರೆ ಮನಸ್ಸು ಒಪ್ಪೋದಿಲ್ಲ. ಒಳ್ಳೆಯವರು ಅನ್ನೋಣ ಅಂದರೆ ಆ ಪ್ರಶ್ನೆ ಗಂಟಲಲ್ಲೇ ಇದೆ, ಕೀರ್ತನೆಯ ಮೂರನೇ ಚರಣದ ಪಕ್ಕದಲ್ಲಿ.

"ಬೆಂಚು ಚೆನ್ನಾಗಿದ್ವು" ಅಂದರು ಅತ್ತೆ, ಮನೆಗೆ ಬಂದು. ಅಷ್ಟೇ.

ಪಟ್ಟಿಯಲ್ಲಿ ಉಳಿದದ್ದು ಒಂದೇ, ಅದನ್ನು ನಾನು ಆಗಲೇ ತಳ್ಳಿಹಾಕಿದ್ದೆ. ಮೊಳಕಾಲ್ಮೂರಿನ ಸಭೆ, ಅತ್ತೆ ಮಾವ ಮೊದಲು ಹೋಗುತ್ತಿದ್ದದ್ದು. ಆ ವೀಡಿಯೊ ನೋಡೋ ಹಾಗಿರಲಿಲ್ಲ. ಯಾರೋ ಫೋನನ್ನು ಹಿಂದಿನ ಕಿಟಕಿಗೆ ದಾರದಲ್ಲಿ ಕಟ್ಟಿದ್ದರು. ಕಾಣೋದು ಬರೀ ಬೆನ್ನು, ತಲೆ. ಪಾಸ್ಟರ್ ಎಲ್ಲೋ ದೂರದಲ್ಲಿ ಒಂದು ಬಿಳಿ ಚುಕ್ಕೆ. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಪ್ರಸಂಗ ಕೇಳಿಸೋದಿಲ್ಲ. ಮಗ್ಗಕ್ಕೆ ಭಾನುವಾರ ಗೊತ್ತಾ?

"ಅದನ್ನೇ ಹಾಕು" ಅಂದರು ಅತ್ತೆ.

ಹಾಕಿದೆ. ಅತ್ತೆ ಎದ್ದು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಹೆಂಗಸರ ಸಾಲಿನಲ್ಲಿ ಒಂದು ಬಿಳಿ ತುರುಬಿನ ಮೇಲೆ ಬೆರಳಿಟ್ಟರು.

"ಇದು ಮರಿಯಮ್ಮ. ಇನ್ನೂ ಐತೆ ಮುದುಕಿ."

ಮರಿಯಮ್ಮನ ವಿಷಯ ಡೇನಿಯಲ್‌ಗೆ ಗೊತ್ತಿತ್ತು, ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಅತ್ತೆಯ ಓಣಿಯವರು, ಸೀರೆ ನೇಯೋರು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಓಣಿಗೆ ಬಂದವರು. ಮಾವ ತೀರಿಕೊಂಡಾಗ ಕಾಯಿಲೆಯ ಕಾಲ, ಹತ್ತಾರು ಜನಕ್ಕಿಂತ ಹೆಚ್ಚು ಸೇರೋ ಹಾಗಿರಲಿಲ್ಲ. ಆದರೂ ಓಣಿಯವರು ದೂರ ದೂರ ನಿಂತು ಮುಖ ತೋರಿಸಿ ಹೋದರು. ಮರಿಯಮ್ಮ ಬರಲಿಲ್ಲ. ಅವತ್ತಿನಿಂದ ಮಾತಿಲ್ಲ.

"ಅಜ್ಜಿ ಈ ವೀಡಿಯೊನ ಪ್ರತಿ ವಾರ ನನ್ನ ಫೋನಲ್ಲಿ ನೋಡ್ತಾಳಮ್ಮ" ಅಂದಳು ಗ್ರೇಸಿ. "ಕಾಲೇಜಿಂದ ಬಂದ ತಕ್ಷಣ ಹಾಕ್ಕೊಡು ಅಂತಾಳೆ."

ನಾನು ಅತ್ತೆಗೆ ಆಯ್ಕೆ ಇಲ್ಲ ಅಂದುಕೊಂಡಿದ್ದೆ. ಇತ್ತು.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಹೊರಟೆವು.  ತಳಕು ದಾಟಿ ಹಾನಗಲ್ ಬಂದಾಗ ಅತ್ತೆ "ಕೇಳೇ ಕೇಳ್ತೀನಿ" ಅಂದರು. ಯಾರಿಗೆ, ಏನು ಅಂತ ನಾನು ಕೇಳಲಿಲ್ಲ.

ಶೀಟು ಹೊದಿಸಿದ ಒಂದು ಹಾಲು, ಚಾಪೆ. ಹಾಡು ತೆಲುಗು, ಬೈಬಲು ಕನ್ನಡ, ಪ್ರಸಂಗ ಎರಡೂ. ನನಗೆ ಅರ್ಧ ಅರ್ಥವಾಯಿತು. ಮರಿಯಮ್ಮ ತಿರುಗಿ ನೋಡಿದರು, ನೋಡಿ ಮುಂದೆ ತಿರುಗಿಕೊಂಡರು. ಆದರೆ ಚಾಪೆಯ ಮೇಲೆ ಸ್ವಲ್ಪ ಸರಿದರು. ಅತ್ತೆ ಅಲ್ಲಿ ಕೂರಲಿಲ್ಲ, ಸರಿಯಾಗಿ ಅವರ ಹಿಂದೆ ಕೂತರು. ಇಡೀ ಆರಾಧನೆ ಅತ್ತೆ ನೋಡಿದ್ದು ಆ ತುರುಬನ್ನೇ, ಫೋನಿನಲ್ಲಿ ನೋಡಿದ ಹಾಗೆ.

ಮುಗಿದದ್ದೇ ತಡ, ಅತ್ತೆ ಕೇಳಿಬಿಟ್ಟರು. "ನಮ್ಮನೆಯೋರು ಹೋದಾಗ ಎಲ್ಲಿ ಸತ್ತಿದ್ದೆ ನೀನು?"

ಮರಿಯಮ್ಮ ಸೆರಗು ಸರಿಮಾಡಿಕೊಂಡರು. "ಬಂದಿದ್ದೆ. ಮಣ್ಣು ಮಾಡೋ ಜಾಗದ ಗೇಟ್ ಹತ್ರ ನಿಂತಿದ್ದೆ."

"ನಾನು ನೋಡ್ಲಿಲ್ಲ."

"ನಿನಗೆ ಅವತ್ತು ನೋಡೋ ಕಣ್ಣು ಎಲ್ಲಿತ್ತು ಸುಗುಣಾ? ನನಗೆ ಮುಖದ ತುಂಬ ಬಟ್ಟೆ. ಒಳಗೆ ಬಿಡಲ್ಲ ಅಂದ್ರು."

"ಒಂದು ಫೋನ್ ಮಾಡ್ಲಿಲ್ಲ."

"ನೀನು ಮಾಡ್ದ್ಯಾ?"

 ಸುತ್ತ ಜನ ಚಾಪೆ ಸುತ್ತುತ್ತಿದ್ದರು. ಯಾರೂ ಈ ಕಡೆ ನೋಡಲಿಲ್ಲ, ಎಲ್ಲರೂ ಕೇಳಿಸಿಕೊಂಡರು.

ಸಮಾಧಿ ಹತ್ತಿರವೇ ಇತ್ತು, ನಡೆದುಕೊಂಡು ಹೋದೆವು. ಕರೆಯದಿದ್ದರೂ ಮರಿಯಮ್ಮ ಹಿಂದೆ ಬಂದರು. ಮಾವನ ಕಲ್ಲಿನ ಸುತ್ತ ಜಾಲಿ ಬೆಳೆದಿತ್ತು, ಡೇನಿಯಲ್ ಕೈಯಲ್ಲೇ ಮುರಿಯತೊಡಗಿದರು. ಮರಿಯಮ್ಮ ಗೇಟಿನ ಬಳಿಯೇ ನಿಂತು ಹೇಳಿದರು, "ಇಕ್ಕಡ. ಇಲ್ಲೇ ನಿಂತಿದ್ದೆ."

ಅತ್ತೆ ಏದುಸಿರು ಬಿಡುತ್ತಾ ಗೇಟಿನ ತನಕ ವಾಪಸ್ ಹೋದರು. ಮರಿಯಮ್ಮನನ್ನು ಪಕ್ಕಕ್ಕೆ ಸರಿಸಿ ಅದೇ ಜಾಗದಲ್ಲಿ ತಾವು ನಿಂತರು. ಅಲ್ಲಿಂದ ಗಂಡನ ಸಮಾಧಿಯನ್ನು ನೋಡಿದರು. ಎಷ್ಟೋ ಹೊತ್ತು ನೋಡಿದರು. ನಾನು ಹತ್ತಿರ ಹೋಗಿ ಕೈ ಹಿಡಿಯೋಣ ಅಂದುಕೊಂಡೆ. ಧೈರ್ಯ ಬರಲಿಲ್ಲ.

"ಮಣ್ಣು ಹಾಕೋದು ಇಲ್ಲಿಗೆ ಕಾಣ್ತಾ?" ಕೇಳಿದರು.

"ಎಲ್ಲ ಕಾಣ್ತು" ಅಂದರು ಮರಿಯಮ್ಮ. "ನಿನ್ನ ಮೊಮ್ಮಗಳು ಹೂವು ಹಾಕಿದ್ದೂ."

ಊಟ ಮರಿಯಮ್ಮನ ಮನೆಯಲ್ಲೇ ಆಯಿತು, ಮಗ್ಗದ ಪಕ್ಕ ಜಾಗ ಮಾಡಿಕೊಂಡು. ಸಾರಿಗೆ ಉಪ್ಪು ಕಮ್ಮಿ ಅಂದರು ಅತ್ತೆ. ಹಾರ್ಟ್ ಪೇಷೆಂಟಿಗೆ ಅಷ್ಟೇ ಹಾಕೋದು ಅಂದರು ಮರಿಯಮ್ಮ. ಈ ವಿಷಯ ಅವರಿಗೆ ಯಾರು ಹೇಳಿದರು? ನಾವಂತೂ ಹೇಳಿರಲಿಲ್ಲ. ಡೇನಿಯಲ್ ಮುಖ ನೋಡಿದೆ, ಅವರು ಎಲೆ ನೋಡುತ್ತಿದ್ದರು. ಅಮ್ಮನ ಕಥೆಯನ್ನೆಲ್ಲ ಅವರು ಮರಿಯಮ್ಮನ ಮಗನಿಗೆ ಫೋನಿನಲ್ಲಿ ಹೇಳ್ತಾನೇ ಬಂದಿದ್ದರಂತೆ. ಆಮೇಲೆ ಗೊತ್ತಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. "ಸುಳ್ಳು ಹೇಳ್ತಾಳೆ ಅನ್ಸುತ್ತೆ ಅಮ್ಮಾಯಿ. ಹೂವಿನ ವಿಷಯ ಯಾರಾದ್ರೂ ಹೇಳಿರ್ತಾರೆ."

"ಹಾಗಾದ್ರೆ ಆ ಚರ್ಚು ಬೇಡವಾ ಅತ್ತೆ?"

"ಬೇಡ ಅಂತ ಯಾರಂದ್ರು? ಮುಂದಿನ ವಾರ ಮತ್ತೆ ಕೇಳ್ತೀನಿ ಅವಳನ್ನ."

ಈಗ ಅತ್ತೆ, ಮೈ ನೆಟ್ಟಗಿರೋ ಭಾನುವಾರಗಳಲ್ಲಿ, ಮಗನ ಜೊತೆ ಮೊಳಕಾಲ್ಮೂರಿಗೆ ಹೋಗ್ತಾರೆ. ಅಷ್ಟು ದೂರ ಬೇಡ ಅಂದರೆ ಡಾಕ್ಟರ ಮಾತನ್ನೂ ಕೇಳೋದಿಲ್ಲ. ಬಂದ ಮೇಲೆ ಸಂಜೆವರೆಗೂ ಮರಿಯಮ್ಮನನ್ನು ಬೈತಾರೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾರೆ. ಗ್ರೇಸಿ ಶೇಂಗಾ ಗೋಡೌನಿನ ಮಹಡಿ ಹತ್ತುತ್ತಾಳೆ. ಅಲ್ಲಿ ಅವಳಿಗೆ ಹಾಡೋಕೆ ಕೊಟ್ಟಿದ್ದಾರೆ.

ನಾನು? ಒಂದು ವಾರ ಮಗಳ ಜೊತೆ, ಒಂದು ವಾರ ಅತ್ತೆ ಜೊತೆ, ಮತ್ತೊಂದು ವಾರ ಯಾರಿಗೂ ಹೇಳದೆ ಮನೇಲಿ ಬೆಂಗಳೂರಿನ ಚರ್ಚು. ಮೊನ್ನೆ ಆ ಬಿಳಿ ಶರ್ಟಿನ ಹಿರಿಯರು ಫೋನ್ ಮಾಡಿ, ಸಂಡೇ ಸ್ಕೂಲಿಗೆ ಟೀಚರ್ ಇಲ್ಲ, ಬರ್ತೀರಾ ಮೇಡಂ ಅಂದರು. ಬರಲ್ಲ ಅನ್ನಬೇಕಿತ್ತು, ಯೋಚನೆ ಮಾಡ್ತೀನಿ ಅಂದೆ. ಆ ಮಕ್ಕಳು ದೊಡ್ಡವರಾಗಿ ಯಾರನ್ನೂ ಆ ಪ್ರಶ್ನೆ ಕೇಳದ ಹಾಗೆ ಕಲಿಸಬಹುದಾ? ಅಥವಾ ನಾನು ಹೋದರೆ ಆ ಪ್ರಶ್ನೆಗೆ ಒಪ್ಪಿದ ಹಾಗಾಗುತ್ತಾ? ಡೇನಿಯಲ್ ಹೋಗು ಅಂತಾರೆ. ಗ್ರೇಸಿಗೆ ಈಗ ಆ ಪ್ರಶ್ನೆಯ ಅರ್ಥ ಗೊತ್ತಾಗಿದೆ, ಅವಳು ಬೇಡ ಅಂತಾಳೆ. ಅತ್ತೆಯನ್ನು ಕೇಳಿದೆ.

"ಅಲ್ಲಿ ನಿನ್ನೋರು ಯಾರು ಅದಾರೆ?" ಅಂದರು.

ಯೋಚಿಸಿದೆ. ಅತ್ತೆ ಆರಿಸಿದ್ದು ಪ್ರಸಂಗವನ್ನಲ್ಲ, ಹಾಡನ್ನಲ್ಲ, ಮಾವನ ಸಮಾಧಿಯನ್ನೂ ಅಲ್ಲವೇನೋ. ಬಾಕಿ ಉಳಿದಿದ್ದ ಒಂದು ಜಗಳವನ್ನು.

ಇಡೀ ಚಳ್ಳಕೆರೆಯಲ್ಲಿ ನನ್ನ ಜೊತೆ ಜಗಳ ಆಡೋರು ಒಬ್ಬರೂ ಇಲ್ಲ, ಇನ್ನು ನಾನು ಯಾವ ಚರ್ಚಿಗೆ ಹೋಗಲಿ?