ಟೇಬಲ್ ರನ್ನರ್ ಮೇಲೆ ತೋಪತೆನಿ

ಸ್ವೀಡನ್ನಿನ ಸುಂಡ್‌ಬೀಬರ್ಯ್‌ನಲ್ಲಿರುವ ನಮ್ಮ ಬಾಡಿಗೆ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಎಲ್ಲರಿಗೂ ಸೇರಿದ ಕೆಲವು ಮಗ್ಗಗಳಿವೆ. ನಿವೃತ್ತರಾದ ಹೆಂಗಸರು ಅಲ್ಲಿ ನೇಯುತ್ತಾರೆ. ಗಂಡನ ಕೆಲಸಕ್ಕೆಂದು ಈ ದೇಶಕ್ಕೆ ಬಂದ ಎರಡನೆಯ ಚಳಿಗಾಲದಲ್ಲಿ ನಾನೂ ಹೋಗಿ ಕೂತೆ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ನಾನು ಮಗ್ಗದ ಮೇಲೆ ಕೂತದ್ದು ಅದೇ ಮೊದಲು. ಊರಲ್ಲಿ ಮಗ್ಗ ಅಪ್ಪನದು, ಅಣ್ಣನದು. ನನ್ನದೂ ಅವ್ವನದೂ ಕಂಡಿಕೆಗೆ ನೂಲು ಸುತ್ತುವ ಕೆಲಸ. ಅಣ್ಣ ನೇಯುವುದು ಬಿಟ್ಟು ಸೀರೆ ಅಂಗಡಿ ಇಟ್ಟಾಗಲೂ ಅಪ್ಪ ನನ್ನನ್ನು ಮಗ್ಗಕ್ಕೆ ಕರೆಯಲಿಲ್ಲ.

ನಮ್ಮ ಸೀರೆಯ ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿ ತೆನೆಗಳ ಸಾಲು ಇರುತ್ತದೆ, ತೋಪತೆನಿ. ಅದನ್ನು ಊಟದ ಮೇಜಿನ ನಡುವೆ ಉದ್ದಕ್ಕೆ ಹಾಸುವ ರನ್ನರ್‌ಗೆ ಇಳಿಸಬೇಕೆಂದುಕೊಂಡೆ. ರೇಷ್ಮೆಯಲ್ಲಿ ಸೂಜಿಯಂತೆ ಏಳುವ ತೆನೆ ಇಲ್ಲಿಯ ದಪ್ಪ ಹತ್ತಿ ನೂಲಿನಲ್ಲಿ ಮೂಲಂಗಿಯಂತೆ ಊದಿಕೊಂಡಿತು. ಬಿಚ್ಚಿದೆ, ಮತ್ತೆ ನೇಯ್ದೆ, ಮತ್ತೆ ಬಿಚ್ಚಿದೆ. ಕೊನೆಗೆ ಒಂದು ಬಿಟ್ಟು ಒಂದು ತೆನೆಯನ್ನು ತೆಗೆದುಹಾಕಿ, ಉಳಿದವುಗಳ ತುದಿ ಮೊಟಕು ಮಾಡಿ, ಖಾಲಿ ಜಾಗದಲ್ಲಿ ಒಂದೊಂದು ಬಿಳಿ ಚುಕ್ಕಿ ಇಟ್ಟಾಗ ಕಣ್ಣಿಗೆ ಒಪ್ಪಿತು. ಆ ಚುಕ್ಕಿಯನ್ನು ನಾನು ಯಾವ ಸೆರಗಿನಲ್ಲೂ ಕಂಡಿರಲಿಲ್ಲ.

ಬೇಸಿಗೆಯಲ್ಲಿ ಅಪ್ಪ ಬಂದ. ರನ್ನರ್ ನೋಡಿದವನೇ ಅದರ ಮೇಲಿದ್ದ ಸಾರಿನ ಪಾತ್ರೆಯನ್ನು ಎತ್ತಿ ಬದಿಗಿಟ್ಟ.

"ಸೆರಗಿನ ಮ್ಯಾಲ ಸಾರು ಇಡ್ತಿಯೇನ?"

"ಸೆರಗಲ್ಲಪ್ಪಾ, ರನ್ನರ್. ನಾನಽ ನೇಯ್ದೀನಿ."

"ಅರ್ಧ ತೆನಿ ಇಲ್ಲ ಇದರಾಗ. ಹುಡುಗಾಟ."

ಆದರೆ ಊರಿಗೆ ಹೊರಟಾಗ ನಾನು ನೇಯ್ದಿದ್ದ ರನ್ನರ್‌ಗಳಲ್ಲಿ ಒಂದನ್ನು ಕೇಳಿ ಪಡೆದ. "ನಿಮ್ಮವ್ವಗ ತೋರಸ್ತೀನಿ" ಅಂದ. ಖುಷಿಯಿಂದ ಇಸ್ತ್ರಿ ಮಾಡಿ ಮಡಿಚಿಕೊಟ್ಟೆ.

ದೀಪಾವಳಿಯ ಹೊತ್ತಿಗೆ ಅಣ್ಣನ ಅಂಗಡಿಯ ಫೋಟೊಗಳು ವಾಟ್ಸಾಪಿನಲ್ಲಿ ಬಂದವು. ರನ್ನರ್, ಟ್ರೇಗೆ ಹಾಸುವ ಬಟ್ಟೆ, ದಿಂಬಿನ ಚೀಲ. ಎಲ್ಲವೂ ಪವರ್‌ಲೂಮಿನವು. ಎಲ್ಲದರಲ್ಲೂ ನನ್ನ ಮೊಂಡು ತೆನೆ, ನನ್ನ ಚುಕ್ಕಿ. ಕೆಳಗೆ ಅಣ್ಣ ಬರೆದಿದ್ದ: ತಂದೆಯಿಂದ ಮಗನಿಗೆ ಬಂದ ಕಲೆ.

ಅಪ್ಪನಿಗೆ ಫೋನ್ ಮಾಡಿದೆ.

"ಆ ಚುಕ್ಕಿ ನಂದಪ್ಪಾ."

"ಮನಿತನದ್ದವಾ ಅದು. ನಿಂದು, ನಂದು ಏನ್ ಬಂತು ಅದರಾಗ?"

"ಹಂಗಿದ್ರ ನನ್ನ ಹೆಸರೂ ಹಾಕ್ರಿ."

"ಕೊಟ್ಟ ಮಗಳ ಹೆಸರು ಅಂಗಡ್ಯಾಗ ಹಾಕಿದ್ರ ಮಂದಿ ಏನಂತಾರ?"

"ಮಗ್ಗದ ಮ್ಯಾಲ ಕೂಡಸ್ಲಿಲ್ಲ. ಈಗ ಹೆಸರೂ ಬ್ಯಾಡಾತು."

ಅಪ್ಪ ಫೋನನ್ನು ಅವ್ವನ ಕೈಗೆ ಕೊಟ್ಟ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಲ್ಲಿ ಥಂಡಿ ಭಾಳ ಐತೇನವಾ?" ಎಂದಳು. ಐತಿ ಅಂದೆ.

ಮುಂದಿನ ವಾರ ನೆಲಮಾಳಿಗೆಯಲ್ಲಿ ಫಿಕಾಗೆ, ಅಂದರೆ ಇಲ್ಲಿಯವರ ಕಾಫಿ ಬಿಡುವಿಗೆ, ಕೂತಾಗ ಪಕ್ಕದ ಮಗ್ಗದ ಮುದುಕಿ, ಆ ಚುಕ್ಕಿಯ ನೇಯ್ಗೆ ತನಗೂ ಕಲಿಸುತ್ತೀಯಾ ಎಂದು ಕೇಳಿದಳು. ಮೊಮ್ಮಗಳ ಹೊಸ ಮನೆಗೆ ಅಂಥದೇ ಒಂದು ರನ್ನರ್ ನೇಯಬೇಕಂತೆ. ಮೊದಲ ದಿನ ನನ್ನ ಕೈ ಹಿಡಿದು ಲಾಳಿ ಎಸೆಯುವುದನ್ನು ಹೇಳಿಕೊಟ್ಟವಳು ಅವಳೇ. ಆಗುವುದಿಲ್ಲ ಅಂದೆ. ಅವಳ ಮುಖ ಕೆಂಪೇರಿತು. ಕಾಫಿ ಲೋಟ ತೊಳೆಯಲು ಎದ್ದು ಹೋದಳು. ಇವತ್ತಿಗೂ ನಾನು ಯಾರಿಗೂ ಕಲಿಸಿಲ್ಲ.