ನಾಲ್ಕು ಮಕ್ಕಳಿಗೆ ಮೂರು ರೊಟ್ಟಿ

ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ನನಗೆ ಜೋಳದ ರೊಟ್ಟಿ ನೆನಪಾಗುತ್ತದೆ ಎಂದರೆ ನೀವು ನಗುತ್ತೀರಿ. ಹೋದ ವಾರ ಮಾನ್ವಿಯ ನಮ್ಮ ಶಾಲೆಗೆ ಗಣಿತ ಕಲಿಸುವ ಸಾಮಾನಿನ ಪೆಟ್ಟಿಗೆ ಬಂತು. ಅರ್ಧ, ಕಾಲು, ಮೂರನೇ ಒಂದು ಎಂದು ಕತ್ತರಿಸಿಟ್ಟ ಹಳದಿ ಬಿಲ್ಲೆಗಳು, ಬಣ್ಣದ ಪಟಗಳು, ಪಾಠದ ಹಾಳೆಗಳು, ಎಲ್ಲವೂ ತಯಾರು. ಟೀಚರು ಬಾಯಿ ತೆರೆದರೆ ಸಾಕು. ಆರನೇ ತರಗತಿಯ ಮಕ್ಕಳು ನನ್ನ ಮೇಜಿಗೆ ಮುಗಿಬಿದ್ದರು. ಮುಚ್ಚಳ ತೆಗೆದೊಡನೆ ಆ ವಾಸನೆ ಮೂಗಿಗೆ ಬಡಿಯಿತು, ನಾನು ಗಬ್ಬೂರಿನ ನಮ್ಮ ಅಡುಗೆಮನೆಗೆ ಹೋಗಿಬಿಟ್ಟೆ.

ಅಪ್ಪ ಅಲ್ಲಿಂದ ಬಸ್ಸಿಗೆ ಹೋಗಿಬರುವ ಹಳ್ಳಿಯೊಂದರಲ್ಲಿ ಗಣಿತದ ಮಾಸ್ತರ. ನಾನೂ ಅವನ ಜೊತೆಗೇ ಹೋಗಿ ಅವನ ತರಗತಿಯಲ್ಲೇ ಕೂರುತ್ತಿದ್ದೆ. ಆ ಶಾಲೆಯಲ್ಲೂ ಇಂಥದೇ ಪೆಟ್ಟಿಗೆ ಇತ್ತು, ಹೆಡ್‌ಮಾಸ್ಟರ ಅಲಮಾರಿಯಲ್ಲಿ, ಬೀಗದೊಳಗೆ. ಅಲಮಾರಿ ತೆರೆದಾಗ ಬರುವ ವಾಸನೆಯಷ್ಟೇ ನಮ್ಮ ಪಾಲಿಗೆ. ಅಪ್ಪ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ತುಂಡು ಕಳದ್ರ ಯಾರ ಜಿಮ್ಮಾ ರೀ ಮಾಸ್ತರ, ಯಾರ ತುಂಬಿಕೊಡೋರು?" ಹಾಗಾಗಿ ಅಪ್ಪ ಮನೆಗೇ ಕೈಹಾಕಿದ. ಅವ್ವನ ಬಳೆ ವೃತ್ತವಾದವು, ಹುಣಸೆಬೀಜ ಋಣಸಂಖ್ಯೆಯಾದವು, ಭಿನ್ನರಾಶಿಗೆ ಅಜ್ಜಿಯ ರೊಟ್ಟಿ. ಅವ್ವ ಬಳೆ ಹುಡುಕುತ್ತ ಮನೆಯೆಲ್ಲ ಬೈದಾಡುತ್ತಿದ್ದಳು. ಆದರೂ ಆ ಪೆಟ್ಟಿಗೆ ಒಮ್ಮೆ ಮಕ್ಕಳ ಕೈಗೆ ಬರಬೇಕು ಎಂಬುದು ಅಪ್ಪನ ಹಟ. ರಾಯಚೂರಿನಿಂದ ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದು ತಿಳಿದಾಗ, ಅವರ ಬಾಯಿಂದಲೇ ಬೀಗ ತೆಗೆಸುವಂಥ ಪಾಠ ಮಾಡುತ್ತೇನೆ ಎಂದ.

ಪಾಠ ಇಷ್ಟೇ: ನಾಲ್ಕು ಮಕ್ಕಳಿಗೆ ಮೂರು ರೊಟ್ಟಿ, ಒಬ್ಬರಿಗೆ ಎಷ್ಟು? ಸಾಹೇಬರು ಬರುವ ದಿನ ಬೆಳಿಗ್ಗೆ ಒಲೆಯ ಮುಂದೆ ನಿಂತು ಅಪ್ಪ ಅಜ್ಜಿಗೆ ಹೇಳಿದ: "ಯವ್ವಾ, ಮೂರ ರೊಟ್ಟಿ. ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ." ಅಜ್ಜಿ ಹೂಂ ಅಂದಳು. ಆದರೆ ನಮ್ಮ ಮನೆಯಲ್ಲಿ ಮೂರು ರೊಟ್ಟಿ ಯಾರೂ ಬಡಿಸುತ್ತಿರಲಿಲ್ಲ, ಕಟ್ಟುತ್ತಲೂ ಇರಲಿಲ್ಲ. ಮೂರು ಅಂದರೆ ಅಶುಭ. ತರಗತಿಯಲ್ಲಿ ಸಾಹೇಬರ ಎದುರಿಗೆ ಅಪ್ಪ ಗಂಟು ಬಿಚ್ಚಿದರೆ ಮೂರು ದೊಡ್ಡ ರೊಟ್ಟಿ, ಅವುಗಳ ಮೇಲೆ ಅಂಗೈಯಗಲದ ಒಂದು ಮರಿ ರೊಟ್ಟಿ!

ಅಪ್ಪನ ಮುಖ ಸಪ್ಪಗಾಯಿತು. ಹೆಡ್‌ಮಾಸ್ಟರು ಕೆಮ್ಮಿದರು. ಮುಂದಿನ ಸಾಲಿನ ನನ್ನ ಗೆಳತಿ ಹಸೀನಾ ಎದ್ದು ನಿಂತು, "ಸರ್, ಆ ಸಣ್ಣದು ಯಾರಿಗ್ರೀ?" ಎಂದಳು. ನನಗೆ ಅಳುವೇ ಬಂತು. ಸಾಹೇಬರು ಮಾತ್ರ ಹೊಟ್ಟೆ ಹಿಡಿದು ನಕ್ಕರು. "ನಮ್ಮವ್ವನೂ ಹಿಂಗ ಮಾಡ್ತಾಳ್ರೀ ಮಾಸ್ತರ. ಅದು ನನ್ನ ಪಾಲು. ನೀವು ಪಾಠ ನಡಸ್ರಿ," ಎಂದು ಮರಿ ರೊಟ್ಟಿ ಎತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಪ್ಪ ಎರಡು ರೊಟ್ಟಿಗಳನ್ನು ಅರ್ಧರ್ಧ ಹರಿದು ನಾಲ್ವರಿಗೆ ಕೊಟ್ಟ, ಮೂರನೆಯದನ್ನು ನಾಲ್ಕು ಮಾಡಿ ಹಂಚಿದ. ಅರ್ಧಕ್ಕೆ ಕಾಲು ಕೂಡಿ ಮುಕ್ಕಾಲು ಎಂದು ಇಡೀ ತರಗತಿ ಕೂಗಿತು. ಕೂಗಿ ಮುಗಿಯುವಷ್ಟರಲ್ಲಿ ಮುಕ್ಕಾಲೆಲ್ಲ ಹೊಟ್ಟೆ ಸೇರಿತ್ತು.

"ನಾಳಿ ಪಾಠಕ್ಕ ಏನ್ ಮಾಡ್ತೀರಿ?" ಎಂದರು ಸಾಹೇಬರು.

"ನಮ್ಮವ್ವ ಮತ್ತ ರೊಟ್ಟಿ ಬಡೀಬೇಕ್ರೀ," ಎಂದ ಅಪ್ಪ.

ಸಾಹೇಬರು ಹೆಡ್‌ಮಾಸ್ಟರ ಕಡೆ ತಿರುಗಿದರು. "ಅಲಮಾರಿ ತಗೀರಿ. ಆ ತುಂಡು ಯಾರೂ ತಿನ್ನೂದಿಲ್ಲ, ಎಲ್ಲಿ ಹೋಗ್ತಾವ?"

ಆ ಮಧ್ಯಾಹ್ನ ಹಳದಿ ಬಿಲ್ಲೆಗಳು ಮೊದಲ ಸಲ ನಮ್ಮ ಕೈಗೆ ಬಂದವು. ಅಪ್ಪ ಅವುಗಳನ್ನು ನಮಗಿಂತ ಹೆಚ್ಚು ಸವರಿ ನೋಡಿದ. ಸಂಜೆ ಸುದ್ದಿ ಕೇಳಿದ ಅಜ್ಜಿ ಒಲೆ ಊದುತ್ತಲೇ, "ಸಾಹೇಬಗ ಹೊಟ್ಟಿ ತುಂಬಿತೇನಪಾ?" ಎಂದಷ್ಟೇ ಕೇಳಿದಳು.

ಈಗ ಅಜ್ಜಿ ಇಲ್ಲ, ಅಪ್ಪನೂ ಇಲ್ಲ. ಆ ಅಡುಗೆಮನೆ ಇದ್ದಲ್ಲಿ ಮೊಬೈಲ್ ಅಂಗಡಿ ಇದೆ. ನಮ್ಮ ಶಾಲೆಯ ಪೆಟ್ಟಿಗೆಗೆ ನಾನು ಬೀಗ ಹಾಕಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಮೊನ್ನೆ ಹುಡುಗಿಯೊಬ್ಬಳು ಒಂದು ಬಿಲ್ಲೆಯ ಮೂರು ತುಂಡು ಕೇಳಿದಳು. ಕೊಟ್ಟೆ. ಕೊಟ್ಟ ಮೇಲೆ ನನ್ನ ಕೈ ತಾನಾಗಿಯೇ ಒಂದು ಸೀಮೆಸುಣ್ಣದ ಚೂರನ್ನು ಅವುಗಳ ಮೇಲೆ ಇಟ್ಟಿತು.

"ಇದ್ಯಾಕ್ರೀ ಟೀಚರ್?"

"ಇರ್ಲಿ ಬಿಡವಾ," ಎಂದೆ. ಅದು ಅಜ್ಜಿಯದೇ ದನಿ.